ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆರ್ನೋಸ್ ವೇಲ್ ಸ್ಮಶಾನ ಅಷ್ಟು ಭವ್ಯವಾಗಿ ಯಾಕಿದೆ? ರಾಜಾ ರಾಮಮೋಹನ ರಾಯರ ಸಮಾಧಿ ಅಲ್ಲಿಗೆ ಹೇಗೆ ಬಂತು?

1830ರ ದಶಕದಲ್ಲಿ ಬ್ರಿಸ್ಟಲ್‌ನ ಚರ್ಚ್ ಅಂಗಳಗಳಲ್ಲಿ ಹೂಳಲು ಜಾಗ ಸಾಲುತ್ತಿರಲಿಲ್ಲ. ರೋಗ ಹರಡುವ ಭಯ ಬೇರೆ. ಹಾಗಾಗಿ ಒಂದು ಖಾಸಗಿ ಕಂಪನಿ 1837ರಲ್ಲಿ ಪಾರ್ಲಿಮೆಂಟಿನ ಅನುಮತಿ ಪಡೆದು ಊರಾಚೆ ಈ ಸ್ಮಶಾನ ಮಾಡಿತು. ಲಾಭದ ವ್ಯವಹಾರ ಅಲ್ವಾ, ಉಳ್ಳವರನ್ನು ಸೆಳೆಯಬೇಕಿತ್ತು. ಅದಕ್ಕೇ ಗ್ರೀಕ್ ದೇಗುಲದಂಥ ಕಟ್ಟಡಗಳು, ಇಳಿಜಾರಿನ ತೋಟ.

ರಾಯರು 1833ರಲ್ಲಿ ಹತ್ತಿರದ ಸ್ಟೇಪಲ್ಟನ್‌ನಲ್ಲಿ ತೀರಿಕೊಂಡರು. ಮೊದಲು ಅಲ್ಲೇ ಮನೆಯ ತೋಟದಲ್ಲಿ ಹೂಳಿದ್ದರು. 1843ರಲ್ಲಿ ಅವರನ್ನು ಇಲ್ಲಿಗೆ ತಂದು ಮತ್ತೆ ಹೂಳಲಾಯಿತು. ಅದರ ಮೇಲೆ ಭಾರತೀಯ ಶೈಲಿಯ ಕಲ್ಲಿನ ಮಂಟಪ ಕಟ್ಟಿಸಿದವರು ಗೆಳೆಯ ದ್ವಾರಕಾನಾಥ ಟಾಗೋರ್, ಅಂದರೆ ರವೀಂದ್ರನಾಥರ ತಾತ. ಗ್ರೀಕ್ ಕಂಬಗಳಿಗಿಂತ ನನಗೆ ಅದೇ ಜಾಸ್ತಿ ಇಷ್ಟ.

ಆಮೇಲೆ ಜಾಗ ತುಂಬಿತು, ವರಮಾನ ಇಳಿಯಿತು, ಕಾಡು ಬೆಳೆಯಿತು. 1987ರಲ್ಲಿ ಮಾಲೀಕರು ಅಲ್ಲಿ ಕಟ್ಟಡ ಕಟ್ಟಲು ಹೊರಟಾಗ ಜನ ವಿರೋಧಿಸಿದರು. 2003ರಲ್ಲಿ ನಗರಾಡಳಿತ ಅದನ್ನು ವಶಕ್ಕೆ ಪಡೆಯಿತು. ಈಗ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ.