ಕಟ್ಟಿದ ಹಣ ಕೇಳೋಕೆ ನಾಚಿಕೆ ಬೇಡ ತಂಗಿ

ತಂಗಿ, ನಿನ್ನ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಭಾಲ್ಕಿಯಿಂದ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ಸುಮಾರು ಮೂರು ವರ್ಷ, ನೀನು ನರ್ಸ್, ನಿನ್ನ ಗಂಡನಿಗೆ ಗೋದಾಮಿನಲ್ಲಿ ಕೆಲಸ. ಈಗ ಅವರಿಗೆ ಬೆನ್ನಿನ ತೊಂದರೆಯಾಗಿ ಎರಡು ತಿಂಗಳಿಂದ ಮನೆಯಲ್ಲೇ ಇದ್ದಾರೆ. ಸೆಪ್ಟೆಂಬರಿಗೆ ಮೈದುನ ಓದಲು ಬಂದು ನಿಮ್ಮ ಜೊತೆಯಲ್ಲೇ ಇರುತ್ತಾನೆ. "ಅಕ್ಕಾ, ಕಾಯಿಲೆ ಬಿದ್ದವರಿಗೆ ಇಲ್ಲಿ ಸರಕಾರ ಏನಾದರೂ ಕೊಡುತ್ತಾ? ನನಗೆ ಸಂಬಳ ಇದೆ ಅಂತ, ಮನೆಗೆ ಇನ್ನೊಬ್ಬ ಬಂದ ಅಂತ ಅದು ನಿಲ್ಲುತ್ತಾ?" ಎಂದು ಕೇಳಿದ್ದೀಯ. ಕೊನೆಗೆ ಜೋಳದ ಹಿಟ್ಟಿನ ಮಾತೂ ಇದೆ.

ಹಿಟ್ಟಿನದು ಮೊದಲು ಮುಗಿಸುತ್ತೇನೆ. ನಮ್ಮ ಲೆಸ್ಟರ್‌ನ ಬೆಲ್‌ಗ್ರೇವ್ ರೋಡಿನ ಗುಜರಾತಿ ಅಂಗಡಿಗಳಲ್ಲಿ ಜುವಾರ್ ಹಿಟ್ಟು ಸಿಗುತ್ತದೆ. ಹಳೆಯ ಹಿಟ್ಟಿಗೆ ಜಿಗಿ ಇರಲ್ಲ, ಕುದಿಯುವ ನೀರು ಹಾಕಿ ಕಲಸು.

ನಾನು ಇಲ್ಲಿಗೆ ಬಂದದ್ದು 2003ರ ಜನವರಿಯಲ್ಲಿ. ಗುಲ್ಬರ್ಗದ ಬಿಸಿಲಲ್ಲಿ ಬೆಳೆದವಳಿಗೆ ಇಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತಿತ್ತು. ಸರಕಾರದ ಪತ್ರಗಳು ಕಂದು ಲಕೋಟೆಯಲ್ಲಿ ಬರುತ್ತವೆ. ಬಾಗಿಲ ಸಂದಿಯಿಂದ ಒಂದು ಬಿದ್ದರೆ ಸಾಕು, ನಮ್ಮನ್ನು ವಾಪಸ್ ಕಳಿಸುತ್ತಾರೇನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ನಿನಗೂ ಈಗ ಹಾಗೇ ಆಗುತ್ತಿರಬೇಕು ಅಲ್ವಾ? ಲಕೋಟೆ ಬಂದ ದಿನವೇ ಬಿಚ್ಚು. ಉತ್ತರಕ್ಕೆ ಗಡುವು ಇರುತ್ತದೆ.

ಈಗ ಮುಖ್ಯ ಮಾತು. ಮೊದಲು ವೀಸಾ ನೋಡು. ಪಬ್ಲಿಕ್ ಫಂಡ್ಸ್, ಅಂದರೆ ಸರಕಾರ ಪಟ್ಟಿ ಮಾಡಿದ ನೆರವಿನ ಹಣ, ಪಡೆಯುವಂತಿಲ್ಲ ಎಂಬ ಸಾಲು ನಿಮ್ಮಿಬ್ಬರ ವೀಸಾದಲ್ಲೂ ಇರುತ್ತದೆ. ಕಡಿಮೆ ಆದಾಯದವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್, ಪಿಪ್ ಎಂದು ಕರೆಯುವ ಅಂಗವೈಕಲ್ಯದ ಹಣ, ರೋಗಿಯನ್ನು ನೋಡಿಕೊಳ್ಳುವವರಿಗೆ ಕೊಡುವ ಕೇರರ್ಸ್ ಅಲೋವೆನ್ಸ್, ಇವೆಲ್ಲ ಪಬ್ಲಿಕ್ ಫಂಡ್ಸ್. ಸೆಟಲ್‌ಮೆಂಟ್ (ಇಲ್ಲಿ ಕಾಯಂ ಇರುವ ಅನುಮತಿ) ಸಿಗುವವರೆಗೆ ಇವುಗಳ ತಂಟೆಗೆ ಹೋಗಬೇಡ. ಪಕ್ಕದ ಮನೆಯವರು ತಗೊಂಡರು, ನೀನೂ ತಗೋ ಎಂದು ಯಾರಾದರೂ ಹೇಳಿದರೆ ಕೇಳಬೇಡ. ಅವರ ಕಾಗದ ಬೇರೆ, ನಿನ್ನದು ಬೇರೆ. ವೀಸಾಕ್ಕೇ ಕುತ್ತು ಬರುತ್ತದೆ.

ಆದರೆ ಎರಡು ಹಣ ಆ ಪಟ್ಟಿಯಲ್ಲಿಲ್ಲ. ನಮ್ಮ ಮಂದಿಗೆ ಗೊತ್ತಿಲ್ಲದ್ದು ಇದೇ.

ಒಂದು, ಸ್ಟ್ಯಾಚುಟರಿ ಸಿಕ್ ಪೇ, ಕಾಯಿಲೆ ರಜೆಗೆ ಕಾನೂನಿನಂತೆ ಬರುವ ಹಣ. ಕೆಲಸ ಕೊಟ್ಟವರೇ ಗರಿಷ್ಠ 28 ವಾರ ಕೊಡಬೇಕು. 2025-26ರಲ್ಲಿ ಅದು ವಾರಕ್ಕೆ 118.75 ಪೌಂಡ್ ಇತ್ತು. ಮೊದಲ ಏಳು ದಿನಕ್ಕೆ ಡಾಕ್ಟರ್ ಚೀಟಿ ಬೇಡ, ಆಮೇಲೆ ಫಿಟ್ ನೋಟ್ ಎಂಬ ಆ ಚೀಟಿ ಬೇಕು. ಏಜೆನ್ಸಿ ಮೂಲಕ ದುಡಿಯುವವರಿಗೂ ಇದು ಸಿಗುತ್ತದೆ. ಕೆಲಸ ಕೊಟ್ಟವರು ತಾವಾಗಿ ಹೇಳಲ್ಲ, ನೀವೇ ಕೇಳಬೇಕು.

ಇನ್ನೊಂದು ನ್ಯೂ ಸ್ಟೈಲ್ ಇಎಸ್ಎ, ಕಾಯಿಲೆಯಿಂದ ದುಡಿಯಲಾಗದವರಿಗೆ ಸರಕಾರ ಕೊಡುವ ಹಣ. ಸಂಬಳದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಎಂದು ಕಡಿದುಕೊಳ್ಳುತ್ತಾರಲ್ಲ, ಆ ಲೆಕ್ಕದ ಮೇಲೆ ಬರುವ ಹಣ ಇದು. ಕ್ಲೇಮ್ ಹಾಕುವ ವರ್ಷಕ್ಕೆ ಹಿಂದಿನ ಎರಡು ಪೂರ್ಣ ತೆರಿಗೆ ವರ್ಷಗಳ ಕಂತು ನೋಡುತ್ತಾರೆ. ಇಲ್ಲಿ ತೆರಿಗೆ ವರ್ಷ ಶುರುವಾಗುವುದು ಏಪ್ರಿಲ್ 6ಕ್ಕೆ. ನಿನ್ನ ಸಂಬಳವನ್ನು ಇದರಲ್ಲಿ ಲೆಕ್ಕ ಹಿಡಿಯಲ್ಲ. ಬ್ಯಾಂಕಿನಲ್ಲಿಟ್ಟ ಹಣವನ್ನೂ ಹಿಡಿಯಲ್ಲ. ಮೈದುನ ಬಂದರೂ ಒಂದೇ, ಬಾರದಿದ್ದರೂ ಒಂದೇ. ನಿನ್ನ ಗಂಡ ಬಂದಾಗಿನಿಂದ ಬಿಡದೆ ದುಡಿದಿದ್ದರೆ ಅವರಿಗೆ ಹಕ್ಕು ಇರುವ ಸಾಧ್ಯತೆ ಜಾಸ್ತಿ. ಮುಂದೆ ಒಂದಿಷ್ಟು ದುಡಿಯಬಲ್ಲರು ಎಂದು ತೀರ್ಮಾನಿಸಿದರೆ 365 ದಿನಕ್ಕೆ ನಿಲ್ಲುತ್ತದೆ, ತೀರಾ ಆಗದವರಿಗೆ ಆ ಮಿತಿ ಇಲ್ಲ.

ಹೊತ್ತು ಮೀರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯದೇ ಕಥೆಯಿಂದ ಹೇಳುತ್ತೇನೆ.

ನಮ್ಮ ಯಜಮಾನರು ಬಸವಕಲ್ಯಾಣದವರು. ಕಾಯಕ ಎಂದರೆ ಜೀವ. ಇಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದರು, ಒಂದು ದಿನ ತಡವಾಗಿ ಹೋದವರಲ್ಲ. 2014ರ ಶುರುವಿನಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು. ಆಗ ನಾವು ಇಲ್ಲಿ ಕಾಯಂ ಆಗಿದ್ದೆವು, ಎಲ್ಲದಕ್ಕೂ ಹಕ್ಕಿತ್ತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯೇ ಮನೆಗೆ ಬಂದು ಫಾರ್ಮ್ ಇಟ್ಟು ಹೋದಳು. ಇವರು ಅದನ್ನು ಮುಟ್ಟಲಿಲ್ಲ. "ಕೈಕಾಲು ಆಡಿಸದೆ ಉಣ್ಣೋ ಅನ್ನ ನನಗೆ ಬೇಡ" ಎಂದರು. ನಾನೆಷ್ಟು ಹೇಳಿದರೂ ಕೇಳಲಿಲ್ಲ. ಮುಂದಿನ ತಿಂಗಳು ಕೆಲಸಕ್ಕೆ ಹೋಗುತ್ತೇನೆ, ಅದರ ಮುಂದಿನ ತಿಂಗಳು ಹೋಗುತ್ತೇನೆ, ಹೀಗೇ ದಿನ ತಳ್ಳಿದರು.

2017ರಲ್ಲಿ ಒಪ್ಪಿದರು. ಅಷ್ಟು ಹೊತ್ತಿಗೆ ಕಂತು ನೋಡುವ ಆ ಎರಡು ವರ್ಷಗಳು ಮುಂದಕ್ಕೆ ಸರಿದಿದ್ದವು. ಆ ವರ್ಷಗಳಲ್ಲಿ ಇವರು ಮನೆಯಲ್ಲಿದ್ದರು, ಕಂತೇ ಇಲ್ಲ. ಅದಕ್ಕೆ ಹಿಂದೆ ಅಷ್ಟು ವರ್ಷ ಕಟ್ಟಿದ್ದು ಇದಕ್ಕೆ ಲೆಕ್ಕಕ್ಕೇ ಬರಲಿಲ್ಲ. ಉಳಿದದ್ದು ಬಡತನ ನೋಡಿ ಕೊಡುವ ಹಣ. ಅದಕ್ಕೆ ಗಂಡಹೆಂಡತಿ ಇಬ್ಬರ ಆದಾಯವನ್ನೂ ಕೂಡಿಸುತ್ತಾರೆ. ನನ್ನ ಸಂಬಳ ಹಿಡಿದರು, ಅಲ್ಲೂ ಸೊನ್ನೆ. ಒಂದೇ ಮನೆ, ಒಬ್ಬನೇ ರೋಗಿ. ಮೊದಲ ಹಣಕ್ಕೆ ನಾನು ಲೆಕ್ಕಕ್ಕಿಲ್ಲ, ಎರಡನೆಯದಕ್ಕೆ ನಾನೇ ಅಡ್ಡ.

ಪಿಪ್ ಮಾತ್ರ ಬಂತು. ಅದಕ್ಕೆ ಆದಾಯ, ಉಳಿತಾಯ, ಹೆಂಡತಿಯ ಸಂಬಳ ಯಾವುದೂ ಅಡ್ಡ ಬರಲ್ಲ. ಆದರೆ ಅದನ್ನು ಕೊಡುವುದು ಫೋನ್ ಮಾಡಿ ಕೇಳಿದ ದಿನದಿಂದ, ಕಾಯಿಲೆ ಬಿದ್ದ ದಿನದಿಂದ ಅಲ್ಲ. ಆ ಮೂರು ವರ್ಷ ಹೋದವೇ. ಆ ವರ್ಷಗಳಲ್ಲಿ ನಾನು ಶನಿವಾರ ಭಾನುವಾರವೂ ದುಡಿದೆ. ಅತ್ತೆ ತೀರಿಕೊಂಡಾಗ ಇಬ್ಬರಿಗೂ ಟಿಕೆಟ್ ಮಾಡಿಸುವಷ್ಟು ಹಣ ಇರಲಿಲ್ಲ. ಇವರೊಬ್ಬರೇ ಹೋಗುವ ಸ್ಥಿತಿಯಲ್ಲೂ ಇರಲಿಲ್ಲ. ತಾಯಿಯ ಮಣ್ಣಿಗೆ ಮಗ ಹೋಗಲಿಲ್ಲ. ಇದೊಂದು ನನಗೆ ಇವತ್ತಿಗೂ ಆರುವುದಿಲ್ಲ.

ಕಲಬುರಗಿಯ ಶರಣಬಸವೇಶ್ವರ ಗುಡಿಯ ದಾಸೋಹದಲ್ಲಿ ಉಂಡು ಬಂದವರು ನಾವು. ಅಲ್ಲಿ ಉಣ್ಣುವವರನ್ನು ಇವರು ಎಂದೂ ಕೀಳಾಗಿ ಕಂಡವರಲ್ಲ. ತಮ್ಮ ಸರದಿ ಬಂದಾಗ ಮಾತ್ರ ಕೈ ಚಾಚಲಿಲ್ಲ. ನಿನ್ನ ಗಂಡನೂ ಹಾಗೇ ಅನ್ನುತ್ತಿದ್ದರೆ ಅವರ ಪೇಸ್ಲಿಪ್ ತಂದು ಮುಂದಿಡು. ಪ್ರತಿ ಸಲ ಎಷ್ಟು ಕಡಿದಿದ್ದಾರೆ ಎಂದು ಅವರ ಕಣ್ಣಿಗೇ ಕಾಣಲಿ.

ಇನ್ನು ಮನೆಯಲ್ಲಿ ಜನ ಹೆಚ್ಚುಕಡಿಮೆ ಆದರೆ ಏನು ಎಂಬುದು. ಇದು ನಿನಗೆ ಈಗಲ್ಲ, ಸೆಟಲ್‌ಮೆಂಟ್ ಸಿಕ್ಕ ಮೇಲೆ ಬೇಕಾಗುತ್ತದೆ. ನಮ್ಮ ಕಡೆ ರೇಷನ್ ಕಾರ್ಡಿನಲ್ಲಿ ಅತ್ತೆ, ಮಾವ, ಮೈದುನ ಎಲ್ಲರೂ ಒಂದೇ ಲೆಕ್ಕ. ಇಲ್ಲಿಯ ಯೂನಿವರ್ಸಲ್ ಕ್ರೆಡಿಟ್‌ಗೆ ಮನೆ ಅಂದರೆ ಗಂಡ, ಹೆಂಡತಿ, ಮಕ್ಕಳು, ಅಷ್ಟೇ. ಮೈದುನನ ಹಣ ನಿಮ್ಮ ಹಣವಲ್ಲ. ಆದರೆ 21 ತುಂಬಿದ ಸಂಬಂಧಿಕರು ಜೊತೆಗಿದ್ದರೆ ಬಾಡಿಗೆಗೆ ಕೊಡುವ ಪಾಲಿನಲ್ಲಿ ಒಂದಿಷ್ಟು ಕಡಿಯಬಹುದು. ನಿಮ್ಮಲ್ಲೊಬ್ಬರಿಗೆ ಪಿಪ್‌ನ ದಿನನಿತ್ಯದ ಆರೈಕೆಯ ಭಾಗ ಬರುತ್ತಿದ್ದರೆ ಅದನ್ನೂ ಕಡಿಯಲ್ಲ.

ಉಳಿತಾಯ 16,000 ಪೌಂಡ್ ದಾಟಿದರೆ ಯೂನಿವರ್ಸಲ್ ಕ್ರೆಡಿಟ್ ಇಲ್ಲ, 6,000ದ ಒಳಗಿದ್ದರೆ ತೊಂದರೆ ಇಲ್ಲ. ಊರಿನ ಹೊಲ, ಪ್ಲಾಟೂ ಇದರಲ್ಲಿ ಬರುತ್ತದೆ ಎಂದು ನಮ್ಮವರು ಯೋಚಿಸುವುದೇ ಇಲ್ಲ. ನಾಳೆ ಭಾಲ್ಕಿಯ ಹೊಲ ಮಾರಿ ಅಣ್ಣತಮ್ಮಂದಿರು ಪಾಲು ಕಳಿಸಿದರೆ ಬಾಯಿ ಮುಚ್ಚಿಕೊಂಡು ಇರಬೇಡ. ಮನೆ ವಿಷಯ ಹೊರಗೆ ಹೇಳಬಾರದು ಎಂದು ನಮಗೆ ಕಲಿಸಿದ್ದಾರೆ, ಖರೆ. ಇಲ್ಲಿ ಮದುವೆ, ಹೆರಿಗೆ, ಬೇರೆ ಆಗುವುದು, ಪಾಲು ಬರುವುದು, ಎಲ್ಲವನ್ನೂ ಕೂಡಲೇ ತಿಳಿಸಬೇಕು. ಇಲ್ಲದಿದ್ದರೆ ಕೊಟ್ಟದ್ದನ್ನೆಲ್ಲ ವಾಪಸ್ ಕೇಳುತ್ತಾರೆ.

ಊರಿಗೆ ಹೋಗುವುದಕ್ಕೂ ಲೆಕ್ಕ ಇದೆ. ಪಿಪ್ ಸಾಮಾನ್ಯವಾಗಿ 13 ವಾರದವರೆಗೆ ನಡೆಯುತ್ತದೆ, ಇಎಸ್ಎ ನಾಲ್ಕೇ ವಾರ. ಜಾತ್ರೆ ಮುಗಿಸಿ, ಮದುವೆ ಮುಗಿಸಿ ನಿಧಾನ ಬಂದರಾಯಿತು ಅನ್ನುವ ಹಾಗಿಲ್ಲ.

ತಪಾಸಣೆಯ ಬಗ್ಗೆ ಒಂದು ಮಾತು. ಪಿಪ್ ಕೊಡುವ ಮೊದಲು ನಮ್ಮವರನ್ನು "ಹೇಗಿದ್ದೀರಿ" ಎಂದು ಕೇಳಿದರು. ಇವರು "ಆರಾಮ ಇದ್ದೀನಿ" ಎಂದುಬಿಟ್ಟರು, ನಮ್ಮೂರಲ್ಲಿ ಯಾರಾದರೂ ಹಾಗೇ ಅನ್ನುತ್ತಾರಲ್ಲ. ಅಂಗಿ ಹಾಕಿಕೊಳ್ಳಲು ಬರುತ್ತದೆಯೇ ಎಂದಾಗ ಹೌದು ಎಂದರು. ಆ ಅಂಗಿಯ ಗುಂಡಿ ಒಂದೊಂದನ್ನೂ ಬೆಳಿಗ್ಗೆ ನಾನೇ ಹಾಕಿದ್ದೆ. ಪಕ್ಕದಲ್ಲಿ ಕೂತಿದ್ದವಳು ಬಾಯಿ ಬಿಟ್ಟು ಹೇಳಿದೆ. ಅಂಕ ಕೊಡುವುದೇ ಇಂಥವುಗಳ ಮೇಲೆ, ಪಿಪ್‌ಗೆ ಎಂಟು ಬಂದರೆ ಹಣ. ನಿನ್ನ ಗಂಡನಿಗೆ ಇಎಸ್ಎ ತಪಾಸಣೆ ಬಂದರೆ ನೀನೂ ಜೊತೆಗೆ ಕೂತುಕೋ. ಕಷ್ಟದ ದಿನ ಹೇಗಿರುತ್ತದೆ ಎಂದು ಹೇಳಲಿ.

ಬಾಡಿಗೆ ಮನೆಯ ಬಗ್ಗೆ ಒಂದು ಮಾತು: ಮೈದುನ ಬರುವ ಮೊದಲು ಮನೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ತಗೋ.

ಫಾರ್ಮಿನಲ್ಲಿ ಹೆಸರು, ಹುಟ್ಟಿದ ಊರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಬರಿ. ನನ್ನದರಲ್ಲಿ ಗುಲ್ಬರ್ಗ ಅಂತಲೇ ಇದೆ. 2014ರ ನವೆಂಬರ್ 1ರಿಂದ ಕಲಬುರಗಿ ಆಯಿತೆಂದು ನಾನು ಎಲ್ಲಿಯೂ ತಿದ್ದಲು ಹೋಗಿಲ್ಲ.

ಈ ವಾರ ಇಷ್ಟು ಮಾಡು. ಗಂಡನ ನ್ಯಾಷನಲ್ ಇನ್ಶೂರೆನ್ಸ್ ದಾಖಲೆಯನ್ನು ಸರಕಾರದ ವೆಬ್‌ಸೈಟಿನಲ್ಲಿ ತೆಗೆದು ನೋಡು. ಸಿಕ್ ಪೇ ಶುರುವಾದ ವಾರ ಯಾವುದು ಎಂದು ಗುರುತು ಹಾಕಿಕೋ. 23ನೇ ವಾರದ ಹೊತ್ತಿಗೆ ಕೆಲಸ ಕೊಟ್ಟವರು, ಸಿಕ್ ಪೇ ಮುಗಿಯುತ್ತದೆ ಎಂದು ತಿಳಿಸುವ ಎಸ್ಎಸ್‌ಪಿ1 ಎಂಬ ಫಾರ್ಮ್ ಕೊಡಬೇಕು. ಸಿಕ್ ಪೇ ಮುಗಿಯುವ ಮೂರು ತಿಂಗಳು ಮೊದಲೇ ಇಎಸ್ಎಗೆ ಅರ್ಜಿ ಹಾಕಬಹುದು. ಅನುಮಾನ ಇದ್ದರೆ ಇಂಥದ್ದಕ್ಕೆಲ್ಲ ಸಲಹೆ ಕೊಡುವ ಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ಗೆ ಹೋಗು, ಅಲ್ಲಿ ದುಡ್ಡು ಕೇಳಲ್ಲ. ಫಾರ್ಮ್ ತುಂಬುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನಗೆ ಬರಿ, ಭಾನುವಾರ ಕೂತು ಇಬ್ಬರೂ ತುಂಬೋಣ.