ಯುದ್ಧದ ತೋಪು, ಬಯಲು ಎರಡೂ ಒಂದೇ ಚಿತ್ರದಲ್ಲಿ ಬರುವುದು ಹೇಗೆ?

ಯುದ್ಧದ ಯಂತ್ರ ಮತ್ತು ನಿಸರ್ಗ ಎರಡನ್ನೂ ಸೇರಿಸಿ ಬರೆದರೆ ಸುಮ್ನೆ ಪೋಸ್ಟರ್ ಥರ ಕಾಣುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ವಿಜಯಪುರದವನು, ಇಲ್ಲಿನ ಬುರುಜುಗಳ ಚಿತ್ರ ಬರೆಯುತ್ತೇನೆ. ನನಗೂ ಇದೇ ತೊಂದರೆ ಇತ್ತು.

ಮೊದಲು ಬರೆದದ್ದು ಶೆರ್ಜಾ ಬುರುಜಿನ ಮಲಿಕ್-ಎ-ಮೈದಾನ್ ತೋಪನ್ನು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಹೆಸರಿನ ಅರ್ಥವೇ ಮೈದಾನದ ಒಡೆಯ. ಬಾಯಿ ಸಿಂಹದ್ದು, ಹಲ್ಲಿನ ಸಂದಿಯಲ್ಲಿ ಆನೆ. ಆ ಬಾಯನ್ನೇ ಹಾಳೆ ತುಂಬ ಬರೆದೆ. ತೋಪು ಚೆನ್ನಾಗಿ ಬಂತು, ಆದರೆ ಬಯಲಿಗೆ ಜಾಗವೇ ಉಳಿಯಲಿಲ್ಲ.

ಆಮೇಲೆ ಒಂದು ಸಂಜೆ ಉಪ್ಲಿ ಬುರುಜು ಹತ್ತಿದೆ. ಸುಮಾರು 24 ಮೀಟರ್ ಎತ್ತರ, ಹೊರಮೈಗೆ ಸುತ್ತಿಕೊಂಡು ಹೋಗುವ ಮೆಟ್ಟಿಲು. ಮೇಲೆ ಉದ್ದನೆಯ ತೋಪುಗಳು. ಅವುಗಳ ಪಕ್ಕ ಕೂತು ಊರು, ಗೋಳಗುಮ್ಮಟ, ಆಚೆಯ ಬಯಲು ಎಲ್ಲ ಬರೆಯತೊಡಗಿದೆ. ಅರ್ಧಕ್ಕೆ ಕೈ ನಿಂತಿತು. ಇಷ್ಟು ಎತ್ತರ ಕಟ್ಟಿದ್ದೇ ತೋಪಿನವನಿಗೆ ದೂರದವರೆಗೂ ಕಾಣಲಿ ಅಂತ, ಅಲ್ವಾ? ಚೆಂದದ ನೋಟ ಅಂದುಕೊಂಡು ನಾನು ಬರೆಯುತ್ತಿದ್ದದ್ದು ಗುರಿ ಇಡುವವನ ನೋಟ!

ಹಾಗಾಗಿ ಏನು ಬರೆಯಬೇಕು ಅನ್ನುವುದಕ್ಕಿಂತ ಎಲ್ಲಿ ಕೂತು ಬರೆಯಬೇಕು ಅನ್ನುವುದನ್ನು ಮೊದಲು ಯೋಚಿಸಿ. ಅಮೆರಿಕದ ಕಲಾವಿದ ಟ್ರೆವರ್ ಪ್ಯಾಗ್ಲೆನ್ 2010ರಲ್ಲಿ ತೆಗೆದ, ಸೇನೆಯ ಡ್ರೋನ್‌ಗಳ ಫೋಟೋಗಳನ್ನು ಹುಡುಕಿ ನೋಡಿ. ನೆಲದಲ್ಲಿ ನಿಂತು ತೆಗೆದವು. ಚೌಕಟ್ಟಿನ ತುಂಬ ಬಣ್ಣದ ಆಕಾಶ, ಎಲ್ಲೋ ಒಂದು ಚುಕ್ಕೆ. ಆ ಚುಕ್ಕೆಯೇ ಡ್ರೋನ್. ಒಮ್ಮೆ ಕಂಡ ಮೇಲೆ ಆ ಆಕಾಶವನ್ನು ಮೊದಲಿನಂತೆ ನೋಡಲು ನನಗೆ ಆಗಲೇ ಇಲ್ಲ. ಇಂಗ್ಲೆಂಡಿನ ಪಾಲ್ ನ್ಯಾಶ್ 1940-41ರಲ್ಲಿ ಬರೆದ ಚಿತ್ರವೂ ಇದೆ. ಮುರಿದ ಜರ್ಮನ್ ವಿಮಾನಗಳ ರಾಶಿ ಅದರಲ್ಲಿ ಬೆಳದಿಂಗಳ ಸಮುದ್ರದಂತೆ ಕಾಣುತ್ತದೆ.

ನಾನೂ ಕೆಳಗಿಳಿದು ಊರ ಹೊರಗೆ ಬಿಳಿಜೋಳದ ಹೊಲದಲ್ಲಿ ಕೂತೆ. ಕೂತರೆ ತೆನೆ ತಲೆಗಿಂತ ಮೇಲೆ. ಕಾಲ ಕೆಳಗೆ ಎರೆಮಣ್ಣಿನ ಬಿರುಕು, ಕೈ ಹಾಕಿದರೆ ಬೆರಳು ಇಳಿಯುವಷ್ಟು. ಹಾಳೆಯ ತುಂಬ ದಂಟು, ಗರಿ, ತೆನೆಯನ್ನೇ ಬರೆದೆ. ತೆನೆಗಳ ಸಂದಿಯಲ್ಲಿ ಬುರುಜನ್ನು ಉಗುರಿನಷ್ಟೇ ಇಟ್ಟೆ. ನನ್ನ ಚಿತ್ರಗಳಲ್ಲಿ ನನಗೆ ಒಪ್ಪಿಗೆಯಾದದ್ದು ಅದೊಂದೇ.

ಎಳ್ಳಮಾವಾಸ್ಯೆಯ ಹೊತ್ತಿಗೆ ಈ ಕಡೆ ಬನ್ನಿ. ಜನ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೋಗುವ ದಿನಗಳು, ಜೋಳ ಚೆನ್ನಾಗಿ ಎದ್ದಿರುತ್ತದೆ. ಬುರುಜಿನ ಮೇಲೆ ಒಂದು ಸ್ಕೆಚ್, ಹೊಲದಲ್ಲಿ ಕೂತು ಒಂದು ಸ್ಕೆಚ್ ಮಾಡಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಆಮೇಲೆ ಬಣ್ಣಕ್ಕೆ ಕೈ ಹಾಕಿ.