ತಾತನ ಕಸುಬು ಬರೆದವರು ಯಾರು?

ಇಂಗ್ಲೆಂಡಿನ ಮನೆತನಗಳ ಬೇರು ಹುಡುಕುವ ಬಗ್ಗೆ ಈ ಸಲ ಮೂರು ಪತ್ರಗಳಿಗೆ ಉತ್ತರಿಸುತ್ತಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಹೋಗಿದೆ, ಉಳಿದಿಬ್ಬರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ನಾನು ಮೈಸೂರಿನವಳು. ಮದುವೆಯಾಗಿ ಲೆಸ್ಟರ್‌ಗೆ ಬಂದು ಹನ್ನೆರಡು ವರ್ಷವಾಯಿತು. ನಮ್ಮ ಯಜಮಾನರ ಮನೆತನ ಏಳೆಂಟು ತಲೆಮಾರಿನಿಂದ ಇಲ್ಲಿನ ಸುತ್ತಮುತ್ತಲ ಹಳ್ಳಿಗಳದ್ದೇ. ಅತ್ತೆ ತೀರಿಕೊಂಡ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಹಳೆಯ ಸರ್ಟಿಫಿಕೇಟು ಸಿಕ್ಕವು. ಅವನ್ನು ಜೋಡಿಸಿಕೊಂಡು, ಜನಗಣತಿ ನೋಡಿಕೊಂಡು 1841ರ ತನಕ ಹೋಗಿದ್ದೇವೆ. ಹೆಸರು, ತಾರೀಖು ಇವೆ. ಆದರೆ ಇವರೆಲ್ಲ ಏನು ಮಾಡಿ ಬದುಕಿದರು ಅನ್ನೋದು ತಿಳಿಯುತ್ತಿಲ್ಲ. ಒಬ್ಬರ ಹೆಸರಿನ ಮುಂದೆ ‘ಎಫ್.ಡಬ್ಲ್ಯು.ಕೆ.’ ಎಂದಿದೆ. ಅವರ ಮೊಮ್ಮಗ ‘ಕ್ಲಿಕ್ಕರ್’. ನನ್ನ ಮಗ ‘ಆಗಲೇ ಮೌಸ್ ಇತ್ತಾ ಅಮ್ಮಾ?’ ಅಂತ ಕೇಳಿದ. ಹೆಂಗಸರ ಮುಂದಂತೂ ಏನೂ ಬರೆದಿಲ್ಲ. ಮುಂದೆ ಹೇಗೆ ಹುಡುಕಲಿ?

ಉತ್ತರ: ಮೌಸ್ ಇರಲಿಲ್ಲ, ಚಾಕು ಇತ್ತು ಎಂದು ಮಗನಿಗೆ ಹೇಳಿ. ಶೂ ಕಾರ್ಖಾನೆಯಲ್ಲಿ ಮೇಲ್ಭಾಗದ ಚರ್ಮ ಕತ್ತರಿಸುವವನೇ ಕ್ಲಿಕ್ಕರ್. ಚಾಕು ಆಡುವಾಗ ಬರುವ ಸದ್ದಿನಿಂದ ಆ ಹೆಸರು ಬಂತು ಅನ್ನುತ್ತಾರೆ. ಒಂದು ತೊಗಲಿನಲ್ಲಿ ಎಷ್ಟು ಜೋಡಿ ಹೊರಡಿಸಬಹುದು ಅನ್ನುವುದು ಅವನ ಕೈಯಲ್ಲಿತ್ತು. ಹಾಗಾಗಿ ಕಾರ್ಖಾನೆಯಲ್ಲಿ ಅವನಿಗೆ ಒಂದಿಷ್ಟು ಮರ್ಯಾದೆ ಜಾಸ್ತಿ.

ಆ ಮೂರು ಅಕ್ಷರದ ಕಥೆ ದೊಡ್ಡದು. ಎಫ್.ಡಬ್ಲ್ಯು.ಕೆ. ಅಂದರೆ ಫ್ರೇಮ್‌ವರ್ಕ್ ನಿಟ್ಟರ್. ಮರದ ಚೌಕಟ್ಟಿನ ಯಂತ್ರದ ಮುಂದೆ ಕೂತು, ಕೈಕಾಲು ಎರಡನ್ನೂ ಆಡಿಸುತ್ತ ಕಾಲುಚೀಲ ಹೆಣೆಯುವವನು. ಈ ಯಂತ್ರವನ್ನು 1589ರಲ್ಲಿ ಕಂಡುಹಿಡಿದವನು ನಾಟಿಂಗ್‌ಹ್ಯಾಮ್‌ಶೈರ್‌ನ ವಿಲಿಯಂ ಲೀ. ಆಮೇಲೆ ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್, ಡರ್ಬಿಶೈರ್‌ಗಳ ಹಳ್ಳಿಹಳ್ಳಿಗೂ ಅದು ಹಬ್ಬಿತು. ನಿಮ್ಮ ಸುತ್ತಿನ ಹಳ್ಳಿಗಳಲ್ಲಿ ಕೆಲವು ಹಳೆ ಮನೆಗಳ ಕಿಟಕಿ ಉದ್ದಕ್ಕೆ ಇರುವುದನ್ನು ನೋಡಿರಬಹುದು. ಫ್ರೇಮಿನ ಮೇಲೆ ಬೆಳಕು ಬೀಳಲಿ ಎಂದೇ ಹಾಗೆ ಕಟ್ಟಿದ್ದು.

ಆದರೆ ಬಹಳಷ್ಟು ಕಡೆ ಫ್ರೇಮು ಅವನದಾಗಿರಲಿಲ್ಲ. ಧಣಿಯದೋ ದಲ್ಲಾಳಿಯದೋ ಆಗಿರುತ್ತಿತ್ತು. ವಾರವಾರ ಅದಕ್ಕೆ ಬಾಡಿಗೆ ಕೊಡಬೇಕು. ಕೆಲಸ ಕಮ್ಮಿ ಬಂದ ವಾರವೂ ಬಾಡಿಗೆ ತಪ್ಪದು, ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದರು. ಈ ಪದ್ಧತಿಗೆ ಕಾನೂನು ಕೊನೆ ಹಾಡಿದ್ದು 1874ರಲ್ಲಿ. 1811–12ರಲ್ಲಿ ಲಡ್ಡೈಟರು (ಯಂತ್ರ ಒಡೆದು ಪ್ರತಿಭಟಿಸಿದ ಕಸುಬುದಾರರು) ಒಡೆದದ್ದು ಇಂಥ ಫ್ರೇಮುಗಳನ್ನೇ. ಇವರ ಬಡತನ ನೋಡಲು ಸರ್ಕಾರ ಒಂದು ಆಯೋಗ ಕಳಿಸಿತ್ತು, 1845ರಲ್ಲಿ ಅದರ ವರದಿ ಬಂತು. ಹೆಣೆಯುವವರೇ ಬಂದು ಕೂಲಿ ಎಷ್ಟು, ಬಾಡಿಗೆ ಎಷ್ಟು, ಉಳಿದದ್ದೆಷ್ಟು ಅಂತ ಹೇಳಿಕೆ ಕೊಟ್ಟಿದ್ದಾರೆ. ಅದರಲ್ಲಿ ನಿಮ್ಮ ಯಜಮಾನರ ಹಳ್ಳಿ ಹುಡುಕಿ. ಅವರ ತಾತನೇ ಸಿಗದಿದ್ದರೂ ಪಕ್ಕದ ಮನೆಯವನು ಸಿಕ್ಕಾನು. ನನಗೆ ಹೆಸರಿನ ಪಟ್ಟಿಗಿಂತ ಇಂಥ ಮಾತು ಮುಖ್ಯ.

ಈಗ ಹೆಂಗಸರ ವಿಷಯ. ಈ ಕಸುಬಿನಲ್ಲಿ ಗಂಡ ಹೆಣೆದದ್ದನ್ನು ಹೊಲಿದು ಕಾಲುಚೀಲ ಮಾಡುತ್ತಿದ್ದವಳು ಹೆಂಡತಿ. ನೂಲು ಸುತ್ತಿ ಕೊಡುತ್ತಿದ್ದವರು ಮಕ್ಕಳು. ನಮ್ಮ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವವರು ಯಾರು ಅಂತ ನೆನಪಿಸಿಕೊಳ್ಳಿ, ಹಾಗೆಯೇ. ಇಡೀ ಮನೆ ಗೇಯುತ್ತಿತ್ತು, ಬರೆದದ್ದು ಮಾತ್ರ ಒಬ್ಬನ ಹೆಸರಿನ ಮುಂದೆ. ಇದು ಮರೆವಲ್ಲ. ಗಂಡನ ಅಥವಾ ತಂದೆತಾಯಿಯ ಜೊತೆಗಿದ್ದುಕೊಂಡು, ಕೂಲಿಯಿಲ್ಲದೆ ಅವರ ಕೆಲಸಕ್ಕೆ ಕೈಹಚ್ಚುವ ಹೆಂಡತಿ, ಮಕ್ಕಳ ಕಸುಬು ಬರೆಯಬೇಕಿಲ್ಲ ಎಂದು 1841ರ ಗಣತಿದಾರರಿಗೆ ಸೂಚನೆಯೇ ಇತ್ತು. ಖಾಲಿ ಜಾಗ ಕಂಡರೆ ಅವಳು ಸುಮ್ನೆ ಕೂತಿದ್ದಳು ಅಂದುಕೊಳ್ಳಬೇಡಿ.

ಹಾಗಾಗಿ ಯಾವ ಕಾಗದ ಕೈಗೆ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನು: ಇದನ್ನು ಬರೆದವರು ಯಾರು, ಯಾರು ಹೇಳಿ ಬರೆಸಿದರು? ನಿಮ್ಮ ಡಬ್ಬಿಯಲ್ಲಿರುವ ಮದುವೆ ಸರ್ಟಿಫಿಕೇಟುಗಳನ್ನೇ ತೆಗೆದುಕೊಳ್ಳಿ. 1837ರ ಜುಲೈ 1ರಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸರ್ಕಾರಿ ನೋಂದಣಿ ಶುರುವಾಯಿತು. ಮದುವೆಯ ಕಾಗದದಲ್ಲಿ ಗಂಡು ಹೆಣ್ಣು ಇಬ್ಬರ ತಂದೆಯರ ಕಸುಬೂ ಇರುತ್ತದೆ. ಅಂದರೆ ಒಂದೇ ಹಾಳೆಯಲ್ಲಿ ಎರಡು ತಲೆಮಾರು. (ತಾಯಂದಿರ ಹೆಸರಿಗೆ ಅದರಲ್ಲಿ ಜಾಗ ಸಿಕ್ಕಿದ್ದು 2021ರಲ್ಲಿ. ಹೌದು, ಮೊನ್ನೆ ಮೊನ್ನೆ!) ಆದರೆ ಹೇಳಿ ಬರೆಸಿದವನು ಮದುಮಗ. ಬೀಗರ ಮುಂದೆ ಅಪ್ಪನನ್ನು ಯಾರು ತಾನೇ ಚಿಕ್ಕವನು ಮಾಡುತ್ತಾರೆ? ಕೂಲಿಯವನು ‘ರೈತ’ ಆಗಿಬಿಡುತ್ತಾನೆ, ಗಾರೆ ಕೆಲಸದವನು ‘ಬಿಲ್ಡರ್’ ಆಗುತ್ತಾನೆ. ಅದೇ ಅಪ್ಪನ ಕಸುಬನ್ನು ಗಣತಿಯಲ್ಲೂ ಮರಣದ ಸರ್ಟಿಫಿಕೇಟಿನಲ್ಲೂ ನೋಡಿ. ಮೂರೂ ಬೇರೆ ಬೇರೆ ಇದ್ದರೆ ಗಾಬರಿಯಾಗಬೇಡಿ, ಮಜಾ ಇರುವುದೇ ಅಲ್ಲಿ.

ಗಣತಿಯಲ್ಲಿ 1901ರ ತನಕ ನೀವು ನೋಡುವುದು ಗಣತಿದಾರ ನಕಲು ಮಾಡಿದ ಪುಸ್ತಕ. 1841ರದ್ದು ತೀರಾ ಒರಟು: ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದರು, ಯಾರಿಗೆ ಯಾರು ಏನಾಗಬೇಕು ಅನ್ನುವುದೂ ಇಲ್ಲ. 1851ರಲ್ಲಿ ಹುಟ್ಟಿದ ಊರು ಸಿಗುತ್ತದೆ. 1911ರಲ್ಲಿ ಮನೆಯ ಯಜಮಾನ ತುಂಬಿಸಿದ ಹಾಳೆಯೇ ಉಳಿದಿದೆ. ಅವರದೇ ಕೈಬರಹ ನೋಡುವ ಖುಷಿ ಬೇರೆ. 1921ರದ್ದು ನಿಮಗೆ ಭಂಡಾರ. ಯಾರ ಬಳಿ ಕೆಲಸ, ಎಲ್ಲಿ ಕೆಲಸ ಅನ್ನುವುದನ್ನೂ ಕೇಳಿದ್ದಾರೆ. ಕ್ಲಿಕ್ಕರ್ ಆಗ ಬದುಕಿದ್ದರೆ ಕಾರ್ಖಾನೆಯ ಹೆಸರು ಅಲ್ಲಿರುತ್ತದೆ. 1931ರ ಕಾಗದಗಳು 1942ರ ಬೆಂಕಿಯಲ್ಲಿ ಹೋದವು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಈ ಕಂದಕ ದಾಟಲು ಇರುವ ಸೇತುವೆ 1939ರ ಸೆಪ್ಟೆಂಬರ್ 29ರಂದು ಸರ್ಕಾರ ಜನರನ್ನು ನೋಂದಾಯಿಸಿ ಮಾಡಿದ ರಿಜಿಸ್ಟರ್. ಅದರಲ್ಲಿ ಹುಟ್ಟಿದ ತಾರೀಖು, ಕಸುಬು ಎರಡೂ ಇವೆ. ಮನೆ ನೋಡಿಕೊಳ್ಳುವ ಹೆಂಗಸರ ಮುಂದೆ ‘ಸಂಬಳವಿಲ್ಲದ ಮನೆಗೆಲಸ’ ಎಂದು ಬರೆದಿದ್ದಾರೆ. ಕೊನೇಪಕ್ಷ ಸಂಬಳವಿಲ್ಲ ಅಂತಲಾದರೂ ಒಪ್ಪಿಕೊಂಡರಲ್ಲ.

ಕಸುಬಿನ ಪದ ಓದುವಾಗ ಊರನ್ನೂ ನೋಡಿ. ನಾನೇ ಒಮ್ಮೆ ಎಡವಿದ್ದೇನೆ. ಪಕ್ಕದ ಮನೆ ಅಜ್ಜಿಗಾಗಿ ಹುಡುಕುತ್ತಿದ್ದಾಗ ಅವರ ತಾತನ ಮುಂದೆ ‘ಎಂಜಿನ್ ಡ್ರೈವರ್’ ಎಂದು ಕಂಡಿತು. ರೈಲು ಅಂದುಕೊಂಡು ಎರಡು ತಿಂಗಳು ರೈಲ್ವೆ ನೌಕರರ ದಾಖಲೆ ಜಾಲಾಡಿದೆ. ಕೊನೆಗೆ ಭೂಪಟ ತೆಗೆದು ನೋಡಿದರೆ ಆ ಹಳ್ಳಿಯಲ್ಲಿ ಸ್ಟೇಷನ್ನೇ ಇಲ್ಲ, ಕಲ್ಲಿದ್ದಲ ಗಣಿ ಇದೆ. ಪುಣ್ಯಾತ್ಮ ಓಡಿಸುತ್ತಿದ್ದದ್ದು ಗಣಿಯ ಬಾಯಲ್ಲಿ ನಿಂತಲ್ಲೇ ನಿಂತಿರುವ ಉಗಿಯಂತ್ರ. ಅಜ್ಜಿ ನಕ್ಕು ಇನ್ನೊಂದು ಕಪ್ ಟೀ ಕೊಟ್ಟರು.

ನಿಮ್ಮ ಮನೆತನ ಹೆಣಿಗೆಯಿಂದ ಶೂಗೆ ಜಾರಿದ್ದು ಆ ಊರಿನದೇ ಕಥೆ. 1853ರಲ್ಲಿ ಲೆಸ್ಟರ್‌ನ ಥಾಮಸ್ ಕ್ರಿಕ್ ಅಟ್ಟೆಯನ್ನು ಹೊಲಿಯುವ ಬದಲು ರಿವೆಟ್ ಹೊಡೆದು ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ಅಲ್ಲಿ ಶೂ ಕಾರ್ಖಾನೆಗಳು ಬೆಳೆದವು. ಅಪ್ಪನ ಫ್ರೇಮಿನ ಬಾಡಿಗೆ ನೋಡಿ ಬೆಳೆದ ಹುಡುಗ ಅತ್ತ ಹೋದದ್ದರಲ್ಲಿ ಆಶ್ಚರ್ಯವೇನಿದೆ?

1841ಕ್ಕಿಂತ ಹಿಂದೆ ಹೋಗಲು ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್ ಹಿಡಿಯಿರಿ. 1813ರಿಂದ ಅಚ್ಚು ಹಾಕಿದ ನಮೂನೆ ಬಂತು, ಅದರಲ್ಲಿ ತಂದೆಯ ಕಸುಬಿಗೊಂದು ಕಾಲಂ ಇದೆ. ಒಬ್ಬನಿಗೆ ಆರು ಮಕ್ಕಳಿದ್ದರೆ ಆರು ಸಲ ಅವನ ಕಸುಬು ಸಿಕ್ಕ ಹಾಗೆ. ಅದಕ್ಕೂ ಹಿಂದೆ ಕಸುಬು ಬರೆದವರು ಕಮ್ಮಿ. ಒಳ್ಳೆಯ ಕಸುಬಿಗೆ ದುಡ್ಡು ಕೊಟ್ಟು ಸೇರಿದ ಹುಡುಗನಾದರೆ 1710ರಿಂದ 1811ರ ತನಕದ ಅಪ್ರೆಂಟಿಸ್ ತೆರಿಗೆಯ ಪುಸ್ತಕಗಳಲ್ಲಿ ಸಿಗಬಹುದು.

ಬಡವನಾಗಿದ್ದರೆ ಇನ್ನೂ ಒಳ್ಳೆಯದು! ತಮಾಷೆಯಲ್ಲ. 1662ರ ಕಾನೂನಿನ ಪ್ರಕಾರ ಕಷ್ಟಕ್ಕೆ ಬಿದ್ದವನನ್ನು ಸಾಕುವ ಹೊಣೆ ಅವನು ಯಾವ ಊರಿಗೆ ಸೇರಿದವನೋ ಆ ಊರಿನದು. ಯಾವ ಊರಿಗೂ ಆ ಖರ್ಚು ಬೇಡ. ಹಾಗಾಗಿ ಅವನನ್ನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ ಕೇಳುತ್ತಿದ್ದರು: ಎಲ್ಲಿ ಹುಟ್ಟಿದೆ, ಯಾರ ಮನೆಯಲ್ಲಿ ದುಡಿದೆ, ವರ್ಷ ಪೂರ್ತಿ ಇದ್ದೆಯಾ, ಸಂಬಳ ಎಷ್ಟು? ಮದುವೆಯಾಗದವನು ಒಂದೇ ಕಡೆ ವರ್ಷ ಪೂರ್ತಿ ಆಳಾಗಿ ದುಡಿದಿದ್ದರೆ ಆ ಊರಿನ ಹಕ್ಕು ಸಿಗುತ್ತಿತ್ತು, ಅದಕ್ಕೇ ಇಷ್ಟು ಕೆದಕಾಟ. ಅವನು ಹೇಳಿದ್ದನ್ನು ಗುಮಾಸ್ತ ಬರೆದುಕೊಂಡ, ಅಕ್ಷರ ಬಾರದವನು ಕೆಳಗೆ ಗೀಟು ಹಾಕಿದ. ಹಾಗೆ ಒಬ್ಬ ಕೂಲಿಯವನ ಇಡೀ ದುಡಿಮೆಯ ಕಥೆ ಅರ್ಧ ಪುಟದಲ್ಲಿ ಉಳಿದುಕೊಂಡಿತು. ಹೆಂಗಸರೂ ಇಲ್ಲಿ ಮಾತಾಡಿದ್ದಾರೆ, ಅದರಲ್ಲೂ ವಿಧವೆಯರು ಮತ್ತು ಮನೆಗೆಲಸದ ಹುಡುಗಿಯರು. ಇವನ್ನು ಜಿಲ್ಲೆಯ ದಾಖಲೆ ಕಚೇರಿಯಲ್ಲಿ ‘ಸೆಟಲ್‌ಮೆಂಟ್ ಎಕ್ಸಾಮಿನೇಷನ್’ ಎಂದು ಕೇಳಿ ತೆಗೆಸಿ. ಎಲ್ಲ ಊರಿನದೂ ಉಳಿದಿಲ್ಲ, ಉಳಿದಿದ್ದರೆ ನಿಮ್ಮ ಅದೃಷ್ಟ. ಮಗನನ್ನೂ ಕರೆದುಕೊಂಡು ಹೋಗಿ, ಆ ಗೀಟಿನ ಗುರುತು ಅವನು ನೋಡಲಿ.

ಪ್ರಶ್ನೆ: ಮಗಳು ಇಂಗ್ಲೆಂಡಿನ ಹುಡುಗನನ್ನು ಮದುವೆಯಾಗಿದ್ದಾಳೆ. ಅಳಿಯಂದಿರ ಅಡ್ಡಹೆಸರು ವಾಕರ್. ಅವರ ಪೂರ್ವಜರು ಊರೂರು ನಡೆದು ವ್ಯಾಪಾರ ಮಾಡುತ್ತಿದ್ದರೇ? (ಧಾರವಾಡದಿಂದ ಒಬ್ಬ ತಂದೆ)

ಉತ್ತರ: ನಡೆದದ್ದು ನಿಜ, ಆದರೆ ಇದ್ದಲ್ಲೇ. ನೇಯ್ದ ಉಣ್ಣೆ ಬಟ್ಟೆಯನ್ನು ತೊಟ್ಟಿಯಲ್ಲಿ ಹಾಕಿ ತುಳಿದು ತುಳಿದು ದಟ್ಟ ಮಾಡುವವನೇ ವಾಕರ್. ಜಿಡ್ಡು ಬಿಡಲಿ ಅಂತ ಆ ತೊಟ್ಟಿಗೆ ಹಳಸಿದ ಮೂತ್ರವನ್ನೂ ಹಾಕುತ್ತಿದ್ದರು. ಅಳಿಯಂದಿರು ಊಟಕ್ಕೆ ಕೂತಾಗ ಮಾತ್ರ ಇದನ್ನು ಹೇಳಬೇಡಿ. ಇದೇ ಕೆಲಸ ಮಾಡುವವನಿಗೆ ಇಂಗ್ಲೆಂಡಿನ ಉತ್ತರದಲ್ಲಿ ವಾಕರ್, ನೈಋತ್ಯದಲ್ಲಿ ಟಕ್ಕರ್, ಆಗ್ನೇಯದಲ್ಲಿ ಫುಲ್ಲರ್ ಎಂದು ಹೆಸರು. ಹಾಗಾಗಿ ಅಡ್ಡಹೆಸರು ಯಾವ ಸೀಮೆಯವರು ಅನ್ನುವುದಕ್ಕೆ ಸಣ್ಣ ಸುಳಿವು ಕೊಡಬಹುದು, ಅಷ್ಟೇ. ಇಂಥ ಹೆಸರುಗಳು ಮಧ್ಯಯುಗದಲ್ಲೇ ಮನೆತನಕ್ಕೆ ಅಂಟಿಕೊಂಡವು. ಕುಲಕರ್ಣಿ ಎಂದು ಹೆಸರಿರುವವರೆಲ್ಲ ಈಗ ಊರಿನ ಲೆಕ್ಕ ಬರೆಯುತ್ತಾರಾ? ಕಸುಬು ಬೇಕಿದ್ದರೆ ಮೇಲಿನ ಉತ್ತರದ ದಾರಿಯೇ ದಾರಿ.

ಪ್ರಶ್ನೆ: ನಮ್ಮ ತಾಯಿಯ ಕಡೆಯವರು ಕೆಜಿಎಫ್‌ನ ಆಂಗ್ಲೋ-ಇಂಡಿಯನ್ನರು. ಮುತ್ತಾತ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದವರು. ಮನೆಯಲ್ಲಿ ಎಲ್ಲರೂ ಅವರನ್ನು ‘ಕ್ಯಾಪ್ಟನ್’ ಅನ್ನುತ್ತಿದ್ದರಂತೆ. ಬ್ರಿಟಿಷ್ ಸೇನೆಯ ದಾಖಲೆಯಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. (ಬೆಂಗಳೂರಿನ ಓದುಗರು)

ಉತ್ತರ: ಸಿಗುವುದೂ ಇಲ್ಲ. ಕಾರ್ನ್‌ವಾಲ್‌ನಲ್ಲಿ ಗಣಿಯ ಮೇಲುಸ್ತುವಾರಿಯನ್ನು ಕ್ಯಾಪ್ಟನ್ ಎನ್ನುತ್ತಾರೆ. ಕೋವಿಯೂ ಇಲ್ಲ, ಹಡಗೂ ಇಲ್ಲ. ಇದೊಂದು ತಿಳಿದರೆ ನಿಮ್ಮ ಹುಡುಕಾಟದ ದಿಕ್ಕೇ ಬದಲಾಗುತ್ತದೆ.

1866ರಲ್ಲಿ ತಾಮ್ರದ ಬೆಲೆ ಕುಸಿದು ಕಾರ್ನ್‌ವಾಲ್‌ನ ಗಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿನ ಗಣಿಗಾರರು ದಕ್ಷಿಣ ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾ ಅಂತ ಚದುರಿದರು. ಹೊರಗೆ ಅವರಿಗೆ ‘ಕಸಿನ್ ಜ್ಯಾಕ್’ ಎಂದೇ ಹೆಸರು. 1880ರಲ್ಲಿ ಕೋಲಾರದ ಉಸ್ತುವಾರಿ ವಹಿಸಿಕೊಂಡ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಗೆ ಕಾರ್ನ್‌ವಾಲ್‌ನ ಗಣಿಗಳ ಜೊತೆ ಹಳೆಯ ನಂಟು. ಗೊತ್ತಿದ್ದ ಕೈಗಳನ್ನೇ ಅವರು ಕರೆಸಿಕೊಂಡರು.

ಮೈಸೂರು ಸೀಮೆಯ ಯುರೋಪಿಯನ್ನರ ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆಗಳ ಪ್ರತಿ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ‘ಕೋಲಾರ’ ಅಂತ ಹುಡುಕಿ ಸಿಗದಿದ್ದರೆ ‘ಮದ್ರಾಸ್’ ವಿಭಾಗ ನೋಡಿ. ಕಾರ್ನ್‌ವಾಲ್‌ನ ಗಣಿಗಾರರಲ್ಲಿ ಮೆಥಡಿಸ್ಟರೇ ಜಾಸ್ತಿ, ಆಂಗ್ಲಿಕನ್ ಚರ್ಚೊಂದನ್ನೇ ನೆಚ್ಚಿಕೊಳ್ಳಬೇಡಿ. ಅತ್ತ ಕಡೆಯ ಕಾಗದಕ್ಕೆ ರೆಡ್ರೂತ್ ಊರಿನ ‘ಕ್ರೆಸೆನ್ ಕೆರ್ನೋ’ ದಾಖಲೆ ಭವನವಿದೆ. ಗಣಿಯ ಕಾಗದಗಳೂ ಅಲ್ಲೇ ಇವೆ. ಒಂದು ಮಾತು ಹೇಳದೆ ಇರಲಾರೆ. ಅದೇ ಕೋಲಾರದ ಸುರಂಗದಲ್ಲಿ ಇಳಿದ ಸಾವಿರಾರು ತಮಿಳು, ತೆಲುಗು ಕೂಲಿಗಳ ಮೊಮ್ಮಕ್ಕಳು ನನಗೆ ಬರೆದರೆ ಇಷ್ಟು ಸಲೀಸಾಗಿ ದಾರಿ ತೋರಿಸಲು ಆಗುವುದಿಲ್ಲ.

ಮುತ್ತಾತ ಬರುವ ಮೊದಲು ಊರಲ್ಲಿ ಸಂಸಾರವಿತ್ತೇ ಅನ್ನುವುದನ್ನೂ ನೋಡಿ. ಎಷ್ಟೋ ಗಣಿಗಾರರು ಹೆಂಡತಿ ಮಕ್ಕಳನ್ನು ಬಿಟ್ಟು ಒಬ್ಬರೇ ಬಂದವರು. 1881, 1891ರ ಗಣತಿಗಳಲ್ಲಿ ‘ಗಣಿಗಾರನ ಹೆಂಡತಿ’ ಎಂದಿದ್ದು ಮನೆಯಲ್ಲಿ ಗಂಡನೇ ಕಾಣದ ಕುಟುಂಬ ಸಿಕ್ಕರೆ ಅಲ್ಲಿ ನಿಲ್ಲಿ. ಅವಳ ತಾಯಿಯೋ ಅಕ್ಕನೋ ಹಿಂದಿನ ಗಣತಿಯಲ್ಲಿ ‘ತಾಮ್ರದ ಅದಿರು ಒಡೆಯುವವಳು’ ಎಂದು ಇರಬಹುದು. ಗಣಿಯ ಮೇಲೆ ಸುತ್ತಿಗೆ ಹಿಡಿದು ಅದಿರು ಕುಟ್ಟುತ್ತಿದ್ದ ಇವರನ್ನು ಅಲ್ಲಿ ‘ಬಾಲ್ ಮೇಡನ್’ ಎನ್ನುತ್ತಿದ್ದರು. ಮುತ್ತಾತನ ಹೆಸರು ಹಾಕಿ ಹುಡುಕಿದರೆ ಈ ಮನೆ ನಿಮಗೆ ಕಾಣುವುದೇ ಇಲ್ಲ. ಗಣತಿಯ ರಾತ್ರಿ ಅವರು ಇದ್ದದ್ದು ಕೆಜಿಎಫ್‌ನ ಗಣಿಯಲ್ಲಿ.